ವೈ ಒಂಟಿಯಾದ ಮೇಲಷ್ಟೇ ಇಳಿಜಾರು ಓದಿ: ಓದುಗರ ಗಣಿತ ಪ್ರಶ್ನೆಗಳು

ಈ ಸಲ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪ್ರಶ್ನೆಗಳೆಲ್ಲ ಸರಳರೇಖೆಯ ಸುತ್ತಲೇ ಇವೆ. ಕೇಳಿದವರು ಎಲ್ಲರೂ ವಿದ್ಯಾರ್ಥಿಗಳಲ್ಲ. ಮೆಕ್ಕೆಜೋಳ ಸಾಗಿಸುವವರೂ ಇದ್ದಾರೆ, ಜಲಾಶಯದ ಮಟ್ಟ ನೋಡಿ ಲೆಕ್ಕ ಹಾಕುವವರೂ ಇದ್ದಾರೆ.

ಪ್ರಶ್ನೆ: 3ಎಕ್ಸ್ + 4ವೈ = 24 ರೇಖೆಯ ಇಳಿಜಾರು ಮತ್ತು ವೈ-ಅಂತಃಛೇದ ಕೇಳಿದ್ದರು. ಎಕ್ಸ್ ಮುಂದಿನ ಸಂಖ್ಯೆಯೇ ಇಳಿಜಾರು, ಒಂಟಿ ಸಂಖ್ಯೆಯೇ ಅಂತಃಛೇದ ಅಂತ ನೆನಪಿಟ್ಟುಕೊಂಡು 3 ಮತ್ತು 24 ಅಂತ ಬರೆದೆ. ಎರಡೂ ತಪ್ಪಾಯಿತು. ಯಾಕೆ ಸರ್? (ಹತ್ತನೇ ತರಗತಿ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ನೀವು ನೆನಪಿಟ್ಟುಕೊಂಡ ನಿಯಮ ಸರಿ, ಆದರೆ ಅದರ ಅರ್ಧ ಬಿಟ್ಟುಹೋಗಿದೆ. ಸಮಚಿಹ್ನೆಯ ಒಂದು ಕಡೆ ವೈ ಒಂದೇ, ಅದೂ 1ರ ಸಹಗುಣಕದೊಂದಿಗೆ ನಿಂತಿದ್ದರೆ ಮಾತ್ರ ಎಕ್ಸ್ ಮುಂದಿನ ಸಂಖ್ಯೆ ಇಳಿಜಾರಾಗುತ್ತದೆ. ಅಂದರೆ ಸಮೀಕರಣ ವೈ = ಎಂಎಕ್ಸ್ + ಸಿ ರೂಪಕ್ಕೆ ಬಂದಿರಬೇಕು. ಇಲ್ಲಿ ಎಂ ಇಳಿಜಾರು, ಎಕ್ಸ್ 1 ಹೆಚ್ಚಿದರೆ ವೈ ಎಷ್ಟು ಬದಲಾಗುತ್ತದೆ ಎಂಬುದು; ಸಿ ವೈ-ಅಂತಃಛೇದ, ರೇಖೆ ವೈ-ಅಕ್ಷವನ್ನು ದಾಟುವ ಬೆಲೆ. ನಿಮ್ಮದರಲ್ಲಿ ವೈ ಒಂಟಿಯಾಗಿಲ್ಲ, 3ಎಕ್ಸ್ ಜೊತೆಗಿದೆ, ಮೇಲಾಗಿ 4ರಿಂದ ಗುಣಿಸಲ್ಪಟ್ಟಿದೆ.

ಮೊದಲು 3ಎಕ್ಸ್ ಅನ್ನು ಆಚೆ ಕಳಿಸಿ: 4ವೈ = −3ಎಕ್ಸ್ + 24. ಈಗ ಎರಡೂ ಕಡೆ 4ರಿಂದ ಭಾಗಿಸಿ: ವೈ = −(3/4)ಎಕ್ಸ್ + 6. ಇಳಿಜಾರು −3/4, ವೈ-ಅಂತಃಛೇದ 6. ಎಕ್ಸ್ 4 ಹೆಚ್ಚಿದರೆ ವೈ 3 ಇಳಿಯುತ್ತದೆ. ರೇಖೆ ವೈ-ಅಕ್ಷವನ್ನು (0, 6) ಬಿಂದುವಿನಲ್ಲಿ ದಾಟುತ್ತದೆ.

ಎರಡನೆಯ ಹೆಜ್ಜೆಯಲ್ಲೇ ಹೆಚ್ಚು ಅಂಕ ಹೋಗುವುದು. 3ನ್ನು 4ರಿಂದ ಭಾಗಿಸಿ 24ನ್ನು ಹಾಗೇ ಬಿಟ್ಟು ವೈ = −(3/4)ಎಕ್ಸ್ + 24 ಎಂದು ಬರೆಯುವವರು ಬಹಳ. ಭಾಗಿಸಿದರೆ ಬಲಗಡೆಯ ಪ್ರತಿಯೊಂದು ಪದಕ್ಕೂ ಅದು ತಟ್ಟಬೇಕು. ತಾಳೆ ನೋಡುವುದು ಸುಲಭ: ಸಿಕ್ಕ ಅಂತಃಛೇದವನ್ನು ಮೂಲ ಸಮೀಕರಣಕ್ಕೇ ಹಾಕಿ. ಎಕ್ಸ್ = 0, ವೈ = 24 ಹಾಕಿದರೆ 96 ಬರುತ್ತದೆ, 24 ಅಲ್ಲ. ವೈ = 6 ಹಾಕಿದರೆ 24 ಸರಿಯಾಗಿ ಬರುತ್ತದೆ. ಅರ್ಧ ನಿಮಿಷದ ಕೆಲಸ, ಬಿಡಬೇಡಿ.

ವೈ ಮುಂದೆ ಮೈನಸ್ ಇದ್ದಾಗ ಇನ್ನೊಂದು ಮುಗ್ಗರಿಕೆ. 2ಎಕ್ಸ್ − 5ವೈ = 10 ತೆಗೆದುಕೊಳ್ಳಿ. −5ವೈ = −2ಎಕ್ಸ್ + 10. ಈಗ ಭಾಗಿಸಬೇಕಾದದ್ದು 5ರಿಂದಲ್ಲ, −5ರಿಂದ. ಎಲ್ಲ ಚಿಹ್ನೆಯೂ ತಿರುಗುತ್ತದೆ: ವೈ = (2/5)ಎಕ್ಸ್ − 2. ಒಂದೇ ಚಿಹ್ನೆ ತಿರುಗಿಸಿ ಇನ್ನೊಂದನ್ನು ಮರೆತರೆ ಬರುವುದು ಬೇರೆಯದೇ ರೇಖೆ.

ಇಳಿಜಾರನ್ನು ಭಿನ್ನರಾಶಿಯಾಗಿಯೇ ಉಳಿಸಿಕೊಳ್ಳಿ. 3/4ನ್ನು 0.75 ಎಂದರೆ ಅಡ್ಡಿಯಿಲ್ಲ. 1/3ನ್ನು 0.33 ಎಂದು ಬರೆದುಕೊಂಡರೆ ಎಕ್ಸ್ = 300 ಆದಾಗ 100ರ ಬದಲು 99 ಬರುತ್ತದೆ. ನಕ್ಷೆ ಎಳೆಯುವಾಗಲೂ ಭಿನ್ನರಾಶಿಯ ಛೇದವೇ ದಾರಿ ತೋರಿಸುತ್ತದೆ. ಛೇದ 4 ಇದ್ದರೆ ಎಕ್ಸ್‌ಗೆ 0, 4, 8 ಎಂದು 4ರ ಗುಣಕಗಳನ್ನೇ ಕೊಡಿ. ವೈ 6, 3, 0 ಎಂದು ಪೂರ್ಣಾಂಕವಾಗಿಯೇ ಬರುತ್ತದೆ. ಎಕ್ಸ್‌ಗೆ 1, 2, 3 ಕೊಟ್ಟು 5.25, 4.5, 3.75 ಎಂಬ ಬಿಂದುಗಳನ್ನು ಹಾಳೆಯ ಸಣ್ಣ ಚೌಕಗಳಲ್ಲಿ ಹುಡುಕುವ ಗೋಜು ಯಾಕೆ? ರೇಖೆಗೆ ಎರಡು ಬಿಂದು ಸಾಕು, ಆದರೂ ಮೂರು ಗುರುತಿಸಿ. ಎರಡು ಬಿಂದುಗಳ ಮೂಲಕ ತಪ್ಪು ರೇಖೆಯೂ ನೆಟ್ಟಗೇ ಹೋಗುತ್ತದೆ; ಮೂರನೆಯದು ಸಾಲಿಗೆ ಬರದಿದ್ದರೆ ತಪ್ಪು ಅಲ್ಲೇ ಕಾಣುತ್ತದೆ.

"ಇಳಿಜಾರು = −ಎ/ಬಿ" ಎಂಬ ಸೂತ್ರವನ್ನು (ಎಕ್ಸ್, ವೈ ಎರಡೂ ಒಂದೇ ಕಡೆ ಇರುವಾಗ ಎಕ್ಸ್ ಮುಂದಿನ ಸಂಖ್ಯೆ ಎ, ವೈ ಮುಂದಿನದು ಬಿ) ಬಾಯಿಪಾಠ ಮಾಡಿಸುವ ರೂಢಿ ಇದೆ. ಉತ್ತರ ತಾಳೆ ನೋಡಲು ಅದನ್ನು ಬಳಸಿ. ಉತ್ತರ ಪಡೆಯಲು ಮಾತ್ರ ವೈಯನ್ನು ಒಂಟಿ ಮಾಡುವ ದಾರಿಯೇ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಸೂತ್ರದ ಮೈನಸ್ ಪರೀಕ್ಷೆಯ ಗಾಬರಿಯಲ್ಲಿ ಮರೆತುಹೋಗಬಹುದು, ಹೆಜ್ಜೆಗಳು ಮರೆಯುವುದಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ನೋಡುವ ಪಾಠಗಳಲ್ಲಿ ವೈ = ಎಂಎಕ್ಸ್ + ಬಿ ಅನ್ನುತ್ತಾರೆ. ನಮ್ಮ ಪುಸ್ತಕದಲ್ಲಿ ಸಿ ಇದೆ. ಯಾವುದು ಸರಿ? (ಪ್ರಥಮ ಪಿಯುಸಿ, ಚಿತ್ರದುರ್ಗ)

ಉತ್ತರ: ಎರಡೂ ಒಂದೇ. ಅಮೆರಿಕದಲ್ಲಿ ಅಂತಃಛೇದಕ್ಕೆ ಬಿ ಬರೆಯುತ್ತಾರೆ, ನಾವು ಮತ್ತು ಬ್ರಿಟನ್ನಿನವರು ಸಿ. ಸ್ವೀಡನ್ನಿನಲ್ಲಿ ಇಳಿಜಾರಿಗೆ ಕೆ, ಅಂತಃಛೇದಕ್ಕೆ ಎಂ! ಅಕ್ಷರವನ್ನು ನಂಬಬೇಡಿ, ಅದು ನಿಂತಿರುವ ಜಾಗವನ್ನು ನೋಡಿ.

ನಿಜವಾದ ಅಪಾಯ ನಿಮ್ಮ ಪುಸ್ತಕದೊಳಗೇ ಇದೆ. ಎಎಕ್ಸ್ + ಬಿವೈ + ಸಿ = 0 ರೂಪದಲ್ಲೂ ಒಂದು ಸಿ ಬರುತ್ತದೆ. ಅದು ಅಂತಃಛೇದವಲ್ಲ. 2ಎಕ್ಸ್ + 3ವೈ − 12 = 0 ರೇಖೆಯಲ್ಲಿ ಆ ಸಿ ಎಂದರೆ −12; ಆದರೆ ವೈ = −(2/3)ಎಕ್ಸ್ + 4 ಮಾಡಿದಾಗ ಅಂತಃಛೇದ 4.

ಪ್ರಶ್ನೆ: ಜಗಳೂರು ಕಡೆಯಿಂದ ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಕಳಿಸುತ್ತೇವೆ. ಟ್ರ್ಯಾಕ್ಟರ್ ಬಾಡಿಗೆ, ಹಮಾಲಿ ಸೇರಿ ಒಮ್ಮೆ 60 ಚೀಲಕ್ಕೆ 4,200 ರೂಪಾಯಿ, ಇನ್ನೊಮ್ಮೆ 95 ಚೀಲಕ್ಕೆ 5,425 ರೂಪಾಯಿ ಕೊಟ್ಟೆ. ಚೀಲಕ್ಕೆ ಮೊದಲ ಸಲ 70 ಬಿತ್ತು, ಎರಡನೇ ಸಲ 57 ಚಿಲ್ಲರೆ. ಮೊದಲ ಸಲ ಜಾಸ್ತಿ ತಗೊಂಡರಾ? ಹತ್ತನೇ ಕ್ಲಾಸಿನ ಮಗ "ಇದು ಇಳಿಜಾರಿನ ಲೆಕ್ಕ" ಅಂತಾನೆ. (ರೈತರು, ಜಗಳೂರು ತಾಲ್ಲೂಕು)

ಉತ್ತರ: ಮಗ ಹೇಳಿದ್ದು ಸರಿ. ಒಟ್ಟು ಹಣವನ್ನು ಚೀಲದ ಸಂಖ್ಯೆಯಿಂದ ಭಾಗಿಸಿದ್ದರಿಂದ ದರ ಬದಲಾದಂತೆ ಕಂಡಿದೆ. ಇಂಥ ಬಾಡಿಗೆಯಲ್ಲಿ ಎರಡು ಪಾಲು ಬೆರೆತಿರುತ್ತವೆ. ಗಾಡಿ ಹೊರಟರೆ ಸಾಕು ಕೊಡಬೇಕಾದ ನಿಗದಿ ಹಣ ಒಂದು. ಚೀಲಕ್ಕಿಷ್ಟು ಎಂದು ಏರುವ ಹಣ ಇನ್ನೊಂದು. ಮೊದಲನೆಯದು ಅಂತಃಛೇದ, ಎರಡನೆಯದು ಇಳಿಜಾರು.

ಎರಡು ಬಿಲ್ಲುಗಳ ನಡುವಿನ ವ್ಯತ್ಯಾಸ ತೆಗೆಯಿರಿ. ಹಣದ ವ್ಯತ್ಯಾಸ 5,425 − 4,200 = 1,225 ರೂಪಾಯಿ. ಚೀಲದ ವ್ಯತ್ಯಾಸ 95 − 60 = 35. ಭಾಗಿಸಿದರೆ ಚೀಲಕ್ಕೆ 35 ರೂಪಾಯಿ. ವ್ಯತ್ಯಾಸ ತೆಗೆದಾಗ ನಿಗದಿ ಹಣ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ, ಅದಕ್ಕೇ ಬರೀ ಚೀಲದ ದರ ಉಳಿಯುತ್ತದೆ. ಇನ್ನು 60 ಚೀಲಕ್ಕೆ 35ರಂತೆ 2,100. ಕೊಟ್ಟದ್ದು 4,200. ಉಳಿದ 2,100 ಗಾಡಿಯ ನಿಗದಿ ಹಣ. 95 ಚೀಲದಿಂದಲೂ ನೋಡಿ: 35 × 95 = 3,325; 5,425ರಿಂದ ಕಳೆದರೆ ಅದೇ 2,100.

ಹಾಗಾಗಿ ಈ ಎರಡು ಬಿಲ್ಲುಗಳು ಒಂದೇ ದರಕ್ಕೆ ಹೊಂದುತ್ತವೆ: ಹಣ = 35 × ಚೀಲ + 2,100. ಆದರೆ ಎರಡೇ ಬಿಲ್ಲು ಇದ್ದರೆ ಯಾವುದಾದರೂ ಒಂದು ರೇಖೆ ಹೊಂದಿಯೇ ಹೊಂದುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ಮೂರನೆಯ ಬಿಲ್ಲು ಹುಡುಕಿ. 80 ಚೀಲ ಕಳಿಸಿದ್ದರೆ 4,900 ಆಗಿರಬೇಕು. ಬಿಲ್ಲಿನಲ್ಲಿ 5,250 ಇದ್ದರೆ 350 ರೂಪಾಯಿ ಬೇರೆ ಯಾವುದೋ ಬಾಬ್ತು: ಕಾಯಿಸಿದ್ದಕ್ಕೆ ಕೊಟ್ಟ ಹಣ ಇರಬಹುದು, ಆ ದಿನ ಹಮಾಲಿ ಹೆಚ್ಚಿರಬಹುದು. ಏನೆಂದು ಕೇಳಲು ಆಗ ನಿಮ್ಮ ಕೈಯಲ್ಲಿ ಖಚಿತ ಅಂಕಿ ಇರುತ್ತದೆ.

ಒಂದು ಎಚ್ಚರಿಕೆ. ಹತ್ತಿರ ಹತ್ತಿರದ ಎರಡು ಬಿಲ್ಲು ಹಿಡಿದು ಈ ಲೆಕ್ಕ ಮಾಡಬೇಡಿ. 62 ಚೀಲಕ್ಕೆ ನಿಜವಾಗಿ 4,270 ಆಗಬೇಕು. ಗಾಡಿಯವರು ಚಿಲ್ಲರೆ ಬಿಟ್ಟು 4,250 ತೆಗೆದುಕೊಂಡರು ಅನ್ನಿ. 60 ಮತ್ತು 62 ಚೀಲದ ಬಿಲ್ಲಿಟ್ಟು ಲೆಕ್ಕ ಹಾಕಿದರೆ 50 ÷ 2, ಚೀಲಕ್ಕೆ 25 ರೂಪಾಯಿ, ನಿಗದಿ ಹಣ 2,700 ಬರುತ್ತದೆ. ಬರೀ 20 ರೂಪಾಯಿಯ ಚಿಲ್ಲರೆ ಇಡೀ ಲೆಕ್ಕವನ್ನು ಕೆಡಿಸಿತು. ಅದೇ 20 ರೂಪಾಯಿ 95 ಚೀಲದ ಬಿಲ್ಲಿನಲ್ಲಿ ಕಡಿಮೆಯಾಗಿದ್ದರೆ ದರ 34.43 ಬರುತ್ತಿತ್ತು, ಅಷ್ಟೇ. ಬಿಂದುಗಳು ದೂರವಿದ್ದಷ್ಟೂ ಸಣ್ಣ ತಪ್ಪು ಸಣ್ಣದಾಗಿಯೇ ಉಳಿಯುತ್ತದೆ.

ಇನ್ನು ಈ ರೇಖೆ ಟ್ರೈಲರ್ ತುಂಬುವ ತನಕ ಮಾತ್ರ. ಎರಡನೇ ಟ್ರಿಪ್ ಬೇಕಾದ ಕೂಡಲೇ ಇನ್ನೊಂದು 2,100 ಸೇರಿ ರೇಖೆ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ. ಪಕ್ಕದ ಹೊಲದವರದು 35 ಚೀಲ ಇದ್ದರೆ ನಿಮ್ಮ 60ರ ಜೊತೆ ಒಂದೇ ಗಾಡಿಗೆ ಹಾಕಿಸಿ. ಬೇರೆ ಬೇರೆ ಕಳಿಸಿದರೆ 4,200 + 3,325 = 7,525; ಒಟ್ಟಿಗೆ ಕಳಿಸಿದರೆ 5,425. ಉಳಿಯುವುದು ಸರಿಯಾಗಿ ಒಂದು ಅಂತಃಛೇದದಷ್ಟು.

ಪ್ರಶ್ನೆ: ಮಕ್ಕಳು ಗ್ರಾಫ್ ಹಾಳೆಯ ಮೇಲೆ ಕೋನಮಾಪಕ ಇಟ್ಟು ಕೋನ ಅಳೆದು, ಅದರ ಟ್ಯಾನ್ ತೆಗೆದು ಇಳಿಜಾರು ಎನ್ನುತ್ತಾರೆ. ವೈ = 2ಎಕ್ಸ್ ರೇಖೆಗೆ ಒಬ್ಬನಿಗೆ 63 ಡಿಗ್ರಿ, ಇನ್ನೊಬ್ಬನಿಗೆ 45 ಡಿಗ್ರಿ ಬಂತು. ಹೇಗೆ ವಿವರಿಸಲಿ? (ಪ್ರೌಢಶಾಲಾ ಶಿಕ್ಷಕಿ, ಹೊಳಲ್ಕೆರೆ)

ಉತ್ತರ: ಇಬ್ಬರೂ ಸರಿಯಾಗಿಯೇ ಅಳೆದಿದ್ದಾರೆ ಮೇಡಂ. ಅವರ ಸ್ಕೇಲ್ ಬೇರೆ ಬೇರೆ. ಮೊದಲನೆಯವನು ಎರಡೂ ಅಕ್ಷಗಳಲ್ಲಿ 1 ಸೆಂ.ಮೀ.ಗೆ 1 ಮಾನ ತೆಗೆದುಕೊಂಡಿದ್ದಾನೆ. ಆಗ ಕೋನ 63.4 ಡಿಗ್ರಿ, ಅದರ ಟ್ಯಾನ್ 2. ಎರಡನೆಯವನು ವೈ-ಅಕ್ಷದಲ್ಲಿ 1 ಸೆಂ.ಮೀ.ಗೆ 2 ಮಾನ ಎಂದು ಕುಗ್ಗಿಸಿದ್ದಾನೆ. ಹಾಳೆಯ ಮೇಲೆ ರೇಖೆ ಮಲಗಿ 45 ಡಿಗ್ರಿಯಾಯಿತು, ಟ್ಯಾನ್ 1 ಬಂತು. ರೇಖೆಯ ಇಳಿಜಾರು ಇನ್ನೂ 2 ಆಗಿಯೇ ಇದೆ. ಟ್ಯಾನ್ ಸೂತ್ರ ನಿಜವಾಗುವುದು ಎರಡೂ ಅಕ್ಷಗಳ ಸ್ಕೇಲ್ ಒಂದೇ ಇದ್ದಾಗ ಮಾತ್ರ. ಕೋನಮಾಪಕವನ್ನು ಪೆಟ್ಟಿಗೆಯಲ್ಲೇ ಇಡಿಸಿ. ಚೌಕಗಳನ್ನಲ್ಲ, ಅಕ್ಷದ ಮೇಲೆ ಬರೆದ ಬೆಲೆಗಳನ್ನು ಓದಿಸಿ.

ಓದುವ ತ್ರಿಕೋನ ದೊಡ್ಡದಿರಲಿ. 1 ಮಿ.ಮೀ. ಆಚೀಚೆ ಓದುವುದು ಎಲ್ಲರ ಕೈಯಲ್ಲೂ ಆಗುತ್ತದೆ. ತ್ರಿಕೋನದ ಅಡ್ಡಬದಿ 2 ಸೆಂ.ಮೀ. ಇದ್ದರೆ ಅದು ಶೇಕಡ 5ರ ತಪ್ಪು, 10 ಸೆಂ.ಮೀ. ಇದ್ದರೆ ಶೇಕಡ 1.

ನಿಮ್ಮ ಶಾಲೆಯಲ್ಲಿ ಮೆಟ್ಟಿಲುಗಳಿದ್ದರೆ ಪಾಠವನ್ನು ಅಲ್ಲಿಗೇ ಒಯ್ಯಿರಿ. ಒಂದು ಮೆಟ್ಟಿಲಿನ ಎತ್ತರ 15 ಸೆಂ.ಮೀ., ಕಾಲಿಡುವ ಅಗಲ 30 ಸೆಂ.ಮೀ. ಇದ್ದರೆ ಇಳಿಜಾರು 15/30, ಅಂದರೆ 1/2. ಹತ್ತು ಮೆಟ್ಟಿಲು ಒಟ್ಟಿಗೆ ಅಳೆದರೂ 150/300, ಅದೇ 1/2. ಯಾವ ಎರಡು ಬಿಂದು ಹಿಡಿದರೂ ಇಳಿಜಾರು ಒಂದೇ ಎಂಬ ಮಾತು ಮಕ್ಕಳ ಕಾಲಿಗೇ ತಿಳಿಯುತ್ತದೆ. ಒಂದು ಮೆಟ್ಟಿಲು ಮಾತ್ರ 18 ಸೆಂ.ಮೀ. ಇದ್ದರೆ ಅಲ್ಲೇ ಎಡವುತ್ತಾರೆ. ರೇಖೆ ನೆಟ್ಟಗಿಲ್ಲದ ಜಾಗ ಅದು. ಘಾಟಿ ರಸ್ತೆಯ "20ಕ್ಕೆ 1" ಎಂಬ ಏರನ್ನೂ ಇದಕ್ಕೇ ಜೋಡಿಸಬಹುದು: ಇಳಿಜಾರು 0.05, ಶೇಕಡ 5, ಕೋನ ಸುಮಾರು 2.9 ಡಿಗ್ರಿ. ಶೇಕಡ 100 ಎಂದರೆ ಗೋಡೆಯಂತೆ ನೆಟ್ಟಗೆ ಎಂದು ಮಕ್ಕಳು ಭಾವಿಸುತ್ತಾರೆ, ಅದು ಬರೀ 45 ಡಿಗ್ರಿ.

ಪ್ರಶ್ನೆ: ಎಕ್ಸ್ = 5 ರೇಖೆಯ ಇಳಿಜಾರು ಸೊನ್ನೆಯಾ? (ಹರಿಹರ)

ಉತ್ತರ: ಅಲ್ಲ. ಸೊನ್ನೆ ಇರುವುದು ವೈ = 3 ಎಂಬ ಮಲಗಿದ ರೇಖೆಗೆ. (1, 3) ಮತ್ತು (6, 3) ಹಿಡಿದರೆ 0 ÷ 5 = 0. ಎಕ್ಸ್ = 5 ನಿಂತ ರೇಖೆ; (5, 1), (5, 7) ಹಿಡಿದರೆ 6 ÷ 0, ಈ ಭಾಗಾಕಾರಕ್ಕೆ ಅರ್ಥವೇ ಇಲ್ಲ. ಇಳಿಜಾರು "ವ್ಯಾಖ್ಯಾನಿಸಲಾಗದು" ಎಂದು ಬರೆಯಿರಿ, 0 ಎಂದಲ್ಲ. ಸಮೀಕರಣದಲ್ಲಿ ವೈ ಇಲ್ಲವೇ ಇಲ್ಲ, ಒಂಟಿ ಮಾಡುವುದು ಯಾವುದನ್ನು? ಅದು ವೈ-ಅಕ್ಷಕ್ಕೆ ಸಮಾಂತರ, ಹಾಗಾಗಿ ವೈ-ಅಂತಃಛೇದವೂ ಇಲ್ಲ.

ಪ್ರಶ್ನೆ: ಭೌತಶಾಸ್ತ್ರ ಲ್ಯಾಬಿನಲ್ಲಿ ಸ್ಪ್ರಿಂಗ್‌ಗೆ 50, 100, 150, 200 ಗ್ರಾಂ ತೂಗುಹಾಕಿದಾಗ ಉದ್ದ 14.1, 16.0, 18.1, 20.0 ಸೆಂ.ಮೀ. ಬಂತು. ಎಕ್ಸೆಲ್‌ನಲ್ಲಿ ಸ್ಲೋಪ್, ಇಂಟರ್‌ಸೆಪ್ಟ್ ಹಾಕಿದರೆ 25.24 ಮತ್ತು −305.4 ಬರುತ್ತಿದೆ. ಸ್ಪ್ರಿಂಗ್ ಉದ್ದ ಮೈನಸ್ ಆಗುತ್ತದೆಯೇ? (ಪದವಿ ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ನಿಮ್ಮ ಅಳತೆ ಚೆನ್ನಾಗಿದೆ, ಕಾಲಂಗಳು ಅದಲುಬದಲಾಗಿವೆ. ಈ ಎರಡೂ ಫಂಕ್ಷನ್‌ಗಳಲ್ಲಿ ಮೊದಲು ವೈ ಬೆಲೆಗಳು, ಆಮೇಲೆ ಎಕ್ಸ್ ಬೆಲೆಗಳು. ನಾವು ಬಿಂದುವನ್ನು (ಎಕ್ಸ್, ವೈ) ಎಂದು ಬರೆದು ರೂಢಿಯಾದ್ದರಿಂದ ಕೈ ತಾನಾಗಿ ಎಕ್ಸ್ ಕಾಲಂ ಅನ್ನೇ ಮೊದಲು ಆರಿಸುತ್ತದೆ. ಉದ್ದದ ಕಾಲಂ ಮೊದಲು, ತೂಕದ ಕಾಲಂ ಆಮೇಲೆ ಕೊಡಿ.

ಕೈಯಲ್ಲೂ ಮಾಡಿ ನೋಡೋಣ. ತೂಕಗಳ ಸರಾಸರಿ 125, ಉದ್ದಗಳ ಸರಾಸರಿ 17.05. ಪ್ರತಿ ಬೆಲೆ ಸರಾಸರಿಯಿಂದ ಎಷ್ಟು ದೂರ ಎಂದು ಬರೆದುಕೊಳ್ಳಿ: ತೂಕಕ್ಕೆ −75, −25, 25, 75, ಉದ್ದಕ್ಕೆ −2.95, −1.05, 1.05, 2.95. ಜೋಡಿ ಜೋಡಿಯಾಗಿ ಗುಣಿಸಿ ಕೂಡಿದರೆ 495. ತೂಕದ ದೂರಗಳ ವರ್ಗಗಳ ಮೊತ್ತ 12,500. ಇಳಿಜಾರು 495 ÷ 12,500 = 0.0396. ಅಂತಃಛೇದ 17.05 − 0.0396 × 125 = 12.1.

ಮಾನಗಳನ್ನು ಪಕ್ಕದಲ್ಲೇ ಬರೆದಿದ್ದರೆ ತಪ್ಪು ನಿಮಗೇ ಹೊಳೆಯುತ್ತಿತ್ತು. ಇಳಿಜಾರಿನ ಮಾನ ಯಾವಾಗಲೂ ವೈ ಮಾನ ಭಾಗಿಸು ಎಕ್ಸ್ ಮಾನ: ಗ್ರಾಮಿಗೆ 0.0396 ಸೆಂ.ಮೀ. ಅಂತಃಛೇದಕ್ಕೆ ವೈ ಮಾನವೇ: 12.1 ಸೆಂ.ಮೀ. ನಿಮಗೆ ಬಂದ 25.24 ಎಂದರೆ ಸ್ಪ್ರಿಂಗ್ ಒಂದು ಸೆಂ.ಮೀ. ಹಿಗ್ಗಲು ಬೇಕಾದ ಗ್ರಾಂ. ಹಾಗೇ −305.4 ಕೂಡ ಉದ್ದವಲ್ಲ, ಗ್ರಾಂ. ಉದ್ದ ಸೊನ್ನೆಯಾಗುವ ಕಡೆಗೆ ರೇಖೆಯನ್ನು ಎಳೆದಾಗ ಸಿಗುವ ಅರ್ಥವಿಲ್ಲದ ತೂಕ.

ತೂಕ ಹಾಕದ ಸ್ಪ್ರಿಂಗ್ ಅನ್ನೂ ಅಳೆಯಿರಿ. 12.1ರ ಹತ್ತಿರ ಬಂದರೆ ಸಂತೋಷ. ತುಸು ಹೆಚ್ಚು, 12.4 ಎನ್ನುವಷ್ಟು ಬಂದರೂ ಗಾಬರಿ ಬೇಡ. ಸುರುಳಿಗಳು ಒಂದಕ್ಕೊಂದು ಒತ್ತಿ ಕೂತಿರುವ ಸ್ಪ್ರಿಂಗ್ ಸ್ವಲ್ಪ ತೂಕ ಬೀಳುವ ತನಕ ಬಿಚ್ಚಿಕೊಳ್ಳುವುದೇ ಇಲ್ಲ. ಆ ಭಾಗದಲ್ಲಿ ಅದು ನಿಮ್ಮ ರೇಖೆಯ ಮೇಲಿರುವುದಿಲ್ಲ. ನಕ್ಷೆಯಲ್ಲಿ ಮತ್ತೊಂದು ಬಲೆ ಇದೆ: ಎಕ್ಸ್-ಅಕ್ಷವನ್ನು 0ಯಿಂದ ಶುರು ಮಾಡದೆ 50ರಿಂದ ಶುರು ಮಾಡಿದ್ದರೆ ರೇಖೆ ಎಡಗಡೆಯ ಗೆರೆಯನ್ನು 14.1ರ ಹತ್ತಿರ ಮುಟ್ಟುತ್ತದೆ. ಅದನ್ನೇ ಅಂತಃಛೇದ ಎಂದು ಬರೆದುಬಿಡುವವರಿದ್ದಾರೆ. ಎಕ್ಸ್ ಸೊನ್ನೆಯಾಗದೆ ವೈ-ಅಂತಃಛೇದವಿಲ್ಲ.

ಪ್ರಶ್ನೆ: ಮಾರಿಕಣಿವೆ ಜಲಾಶಯ (ವಾಣಿ ವಿಲಾಸ ಸಾಗರ) ತುಂಬಿ 130 ಅಡಿ ಇದ್ದದ್ದು, ಮಳೆ ಇಲ್ಲದ 60 ದಿನಗಳಲ್ಲಿ 127 ಅಡಿಗೆ ಇಳಿಯಿತು ಅಂತ ಇಟ್ಟುಕೊಳ್ಳಿ. ಇದರಿಂದ ಎಷ್ಟು ದಿನಕ್ಕೆ ಖಾಲಿ ಆಗುತ್ತೆ ಅಂತ ಹೇಳಬಹುದಾ? (ಹಿರಿಯೂರು)

ಉತ್ತರ: ಲೆಕ್ಕ ಹೀಗೆ. ಇಳಿಜಾರು (127 − 130) ÷ 60 = −0.05, ದಿನಕ್ಕೆ 0.05 ಅಡಿ ಇಳಿಕೆ. ಮೈನಸ್ ಇಲ್ಲಿ ಹೇಳುವುದು ದಿಕ್ಕನ್ನು ಮಾತ್ರ. ಮಟ್ಟ = 130 − 0.05 × ದಿನ. ಮಟ್ಟಕ್ಕೆ ಸೊನ್ನೆ ಹಾಕಿದರೆ ಎಕ್ಸ್-ಅಂತಃಛೇದ 2,600 ದಿನ, ಏಳು ವರ್ಷಕ್ಕೂ ಹೆಚ್ಚು.

ಈ 2,600ನ್ನು ನಂಬಬೇಡಿ. ಜಲಾಶಯ ಮೇಲೆ ಅಗಲ, ಕೆಳಗೆ ಕಿರಿದು. ಮೇಲಿನ ಒಂದು ಅಡಿಯಲ್ಲಿರುವಷ್ಟು ನೀರು ತಳದ ಒಂದು ಅಡಿಯಲ್ಲಿರುವುದಿಲ್ಲ. ನಾಲೆಗೆ ಅಷ್ಟೇ ನೀರು ಬಿಟ್ಟರೂ ಕೆಳಕ್ಕೆ ಹೋದಂತೆ ಮಟ್ಟ ಬೇಗ ಬೇಗ ಇಳಿಯುತ್ತದೆ. ರೇಖೆ ಬಾಗುತ್ತದೆ. ಬಿಸಿಲು ಏರಿದರೆ ಆವಿಯಾಗುವುದು ಬೇರೆ, ವೇದಾವತಿ ನದಿಯಲ್ಲಿ ನೀರು ಬಂದರೆ ಇಳಿಜಾರಿನ ಚಿಹ್ನೆಯೇ ತಿರುಗುತ್ತದೆ.

ಎರಡು ಬಿಂದು ಎಷ್ಟು ಮೋಸ ಮಾಡಬಲ್ಲವು ಎನ್ನಲು ಇದೇ ಜಲಾಶಯಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರಲ್ಲಿ. ಎರಡೂ ವರ್ಷ ಮಟ್ಟ 130 ಅಡಿ ಮುಟ್ಟಿತ್ತು. ಈ ಎರಡು ಬಿಂದುಗಳ ನಡುವೆ ರೇಖೆ ಎಳೆದರೆ ಇಳಿಜಾರು 0, ನೀರು ಕದಲಲೇ ಇಲ್ಲ ಎಂದಂತೆ. ನಡುವಿನ ವರ್ಷಗಳಲ್ಲಿ ಎಷ್ಟು ಕೆಳಗಿಳಿದಿತ್ತೆಂದು ಹಿರಿಯೂರಿನವರಾದ ನಿಮಗೇ ಗೊತ್ತು.

ಹಾಗಾದರೆ ರೇಖೆ ಉಪಯೋಗಕ್ಕೆ ಬರುವುದೆಲ್ಲಿ? ಅಳೆದ 60 ದಿನಗಳ ಒಳಗೆ. 30ನೇ ದಿನ ಸುಮಾರು 128.5 ಅಡಿ ಇತ್ತು ಎನ್ನಬಹುದು. ಮುಂದಿನ ಒಂದೆರಡು ವಾರದ ಅಂದಾಜಿಗೂ ಪರವಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಹೊಸ ಮಟ್ಟ ಬರೆದುಕೊಂಡು ಇಳಿಜಾರನ್ನು ಮತ್ತೆ ತೆಗೆಯಿರಿ. −0.05 ಇದ್ದದ್ದು −0.07 ಆದರೆ, ನೀರು ಬೇಗ ಇಳಿಯುತ್ತಿದೆ ಎಂಬ ಸುದ್ದಿ ಅಲ್ಲೇ ಸಿಕ್ಕಿತು.

ಹೀಗೆ ಬರೆಯುವಾಗ ದಿನಗಳನ್ನು ಎಲ್ಲಿಂದ ಎಣಿಸಿದಿರಿ ಎಂಬುದನ್ನೂ ಬರೆದಿಡಿ. ಇಪ್ಪತ್ತನೇ ದಿನವನ್ನು 0 ಎಂದು ಹಿಡಿದು ಶುರು ಮಾಡಿದವರ ಸಮೀಕರಣ, ಮಟ್ಟ = 129 − 0.05 × ದಿನ ಎಂದಾಗುತ್ತದೆ. ಅಂತಃಛೇದ ಬದಲಾಯಿತು, ಇಳಿಜಾರು ಬದಲಾಗಲಿಲ್ಲ. ಎರಡೂ ಒಂದೇ ನೀರಿನ ಲೆಕ್ಕ.